ವರದಿ ಕಳಿಸಲೇ?

ಅಣ್ಣ ನನಗಾಗಿ ಡೈರಿ ಆಪ್ ಮಾಡಿಕೊಟ್ಟಿದ್ದ.

"ಪ್ರತಿ ಆಪ್‌ಗೂ ಫೋನ್ ಒಂದು ಗೆರೆ ಹಾಕಿರುತ್ತೆ. ಅದನ್ನ ದಾಟಿ ಬೇರೆ ಆಪ್‌ನ ಮೆಮೊರಿ ಮುಟ್ಟೋಕೆ ಹೋದ್ರೆ ಆ ಆಪನ್ನ ಅಲ್ಲೇ ನಿಲ್ಲಿಸಿಬಿಡುತ್ತೆ. ಧೈರ್ಯವಾಗಿ ಬರಿ," ಅಂದಿದ್ದ.

ಅಜ್ಜಿಯ ಕಥೆಯ ರಾಕ್ಷಸ ಗಿಳಿಯಲ್ಲಿ ಜೀವ ಇಟ್ಟ ಹಾಗೆ ನನ್ನ ಗುಟ್ಟನ್ನೆಲ್ಲ ಅದರಲ್ಲಿಟ್ಟೆ. ಆಪ್ ಆಗಾಗ ನಿಂತುಹೋಗಿ, "ವರದಿ ಕಳಿಸಲೇ?" ಎಂದು ಕೇಳುತ್ತಿತ್ತು. ಅಣ್ಣ ಸರಿಮಾಡಲಿ ಎಂದು ಕಳಿಸುತ್ತಿದ್ದೆ.

ಗುರುವಾರ ಮನೆಯಲ್ಲಿ ಹೇಳದೆ ಮದುವೆ ನೋಂದಣಿಗೆ ಹೋದರೆ, ಕಚೇರಿಯ ಬಾಗಿಲಲ್ಲಿ ಅಪ್ಪನ ಜೊತೆ ಅಣ್ಣ ನಿಂತಿದ್ದ.

"ನನ್ನ ಡೈರಿ ಓದಿದ್ಯಾ?"

"ಫೋನ್ ಮುಟ್ಟಿಲ್ಲ ಕಣೆ. ಆಪ್ ನಿಂತಾಗ ಮೆಮೊರಿಯಲ್ಲಿ ಇದ್ದದ್ದು ವರದಿ ಜೊತೆ ನನಗೆ ಬರುತ್ತೆ. ಕಳಿಸಿದ್ದು ನೀನೇ."

"ಅಷ್ಟು ಸಲ ಯಾಕೆ ನಿಲ್ತಿತ್ತು?"

ಅವನು ನನ್ನ ಕೈಯಿಂದ ಹಾರ ತೆಗೆದುಕೊಂಡ.

"ನೀನು ಮದುವೆ ಅಂತ ಬರೆದಾಗೆಲ್ಲ ಆಪ್ ಗೆರೆ ದಾಟ್ಲಿ ಅಂತ ಪ್ರೋಗ್ರಾಮ್ ಬರೆದಿದ್ದೆ."