ಯಾರ ಹಾದಿ ನೋಡ್ತೀರಿ?

ಅದು ನೇಕಾರರ ಊರು. ಬೆಳಗಾದರೆ ಓಣಿ ತುಂಬ ಪವರ್‌ಲೂಮ್ ಸದ್ದು...

ಅಲ್ಲಿನ ಜೂನಿಯರ್ ಕಾಲೇಜಿನ ಹೂಗಾರ ಮೇಡಂ ಸೆಕೆಂಡ್ ಪಿಯುಸಿ ಮಕ್ಕಳಿಗೆ ಒಂದು ಪ್ರಾಜೆಕ್ಟ್ ಕೊಟ್ಟರು. ನಮ್ಮೂರಲ್ಲಿ ಏನೇನು ಉದ್ಯೋಗ ಸಿಗುತ್ತದೆ, ಮನೆಮನೆಗೆ ಹೋಗಿ ಕೇಳಿಕೊಂಡು ಬನ್ನಿ ಎಂದರು.

ಎಲ್ಲರೂ ಒಂದೇ ಉತ್ತರ ತಂದರು... "ಇಲ್ಲೇನೈತಿ? ಏನೂ ಇಲ್ಲ."

ಓಡುತ್ತಿರುವ ಮಗ್ಗದ ಮುಂದೆ ನಿಂತೇ ಜನ ಹಾಗೆ ಹೇಳಿದ್ದರು. ನೌಕರಿ ಎಂದರೆ ಸರ್ಕಾರದ್ದು, ಉಳಿದದ್ದೆಲ್ಲ ಹೊಟ್ಟೆಪಾಡು ಎಂಬುದು ಊರಿನ ನಂಬಿಕೆ.

ಅದೇ ಕ್ಲಾಸಿನ ದಾನಮ್ಮ ಈ ಉತ್ತರ ಕೇಳಿ ಕುಗ್ಗಿಹೋದಳು. ಊರಲ್ಲಿ ಕೆಲಸವಿಲ್ಲ, ಬೇರೆ ಊರಿಗೆ ಕಳಿಸುವುದಿಲ್ಲ, ಓದು ಸಾಕು ಎಂದು ಅವಳಪ್ಪ ಗುರುಸಿದ್ಧಪ್ಪ ಆಗಲೇ ಹೇಳಿಬಿಟ್ಟಿದ್ದ. ಮುಂದಿನ ವಾರ ಹೆಣ್ಣು ನೋಡಲು ಬರುವವರಿದ್ದರು...

ಮೇಡಂ ಅವಳನ್ನು ಹತ್ತಿರ ಕರೆದರು.

"ಕೆಲಸ ಏನೈತಿ ಅಂತ ಕೇಳಬ್ಯಾಡವ್ವಾ. ಯಾರ ಹಾದಿ ನೋಡಾಕತ್ತೀರಿ ಅಂತ ಕೇಳು."

ದಾನಮ್ಮ ಮತ್ತೆ ಓಣಿಗಿಳಿದಳು. ಈಗ ಜನ ಬಾಯಿ ಬಿಟ್ಟರು...

ಬಾಣಂತಿ ಮನೆಯವರು ನರ್ಸಮ್ಮನ ಹಾದಿ ನೋಡುತ್ತಿದ್ದರು. ಸೀರೆ ವ್ಯಾಪಾರಿಗೆ ಆನ್‌ಲೈನ್‌ನಲ್ಲಿ ಮಾರಲು ಬಲ್ಲವರು ಬೇಕಿತ್ತು. ಎಲ್ಲರಿಗಿಂತ ಹೆಚ್ಚು ಗೋಳು ಮಗ್ಗದವರದು... ಮಗ್ಗ ಕೆಟ್ಟರೆ ರಿಪೇರಿ ಮಾಡುವ ಫಿಟರ್ ದೂರದ ಪಟ್ಟಣದಿಂದ ಬರಬೇಕು. ಬರುವತನಕ ಮಗ್ಗ ಬಂದ್, ಮಜೂರಿ ಬಂದ್.

ಮನೆಗೆ ಬಂದರೆ ಅವರ ಮಗ್ಗವೂ ನಿಂತಿತ್ತು. ಅಪ್ಪ ಕಟ್ಟೆಯ ಮೇಲೆ ತಲೆ ಹಿಡಿದು ಕೂತಿದ್ದ.

"ಅಪ್ಪಾ, ಯಾರ ಹಾದಿ ನೋಡಾಕತ್ತಿ?"

"ಮತ್ಯಾರದು? ಆ ಫಿಟರ್‌ಂದು. ಅಂವಾ ಫೋನ್ ಎತ್ತವಲ್ಲ."

"ಹಂಗಾರ ನಾನ ಆ ಫಿಟರ್ ಕೆಲಸ ಕಲೀತೀನಿ. ತಾಲೂಕಿನ ಐಟಿಐಗೆ ಬಸ್ಸಿನ್ಯಾಗ ಹೋಗಿ ಬರ್ತೀನಿ."

ಗುರುಸಿದ್ಧಪ್ಪ ನಕ್ಕುಬಿಟ್ಟ. "ಹೆಣ್ಮಗಳು ಪಾನಾ, ಸ್ಪ್ಯಾನರ್ ಹಿಡಿದು ಮಗ್ಗ ಬಿಚ್ಚತಾಳಂತ. ಮಂದಿ ಏನಂದಾರು?"

ದಾನಮ್ಮ ಕಣ್ಣು ತಗ್ಗಿಸಲಿಲ್ಲ.

"ಕಂಡಿಕಿಗೆ ನೂಲು ಸುತ್ತಾಕ ಹೆಣ್ಣಿನ ಕೈ ಬೇಕು, ಸೀರಿ ನೇಯಾಕ ಬೇಕು... ಮಗ್ಗ ರಿಪೇರಿ ಮಾಡಾಕ ಮಾತ್ರ ಬ್ಯಾಡೇನು?"

ಅಪ್ಪನ ನಗು ಅಲ್ಲೇ ನಿಂತಿತು.

ಒಳಗೆ ಕಂಡಿಕೆಗೆ ನೂಲು ಸುತ್ತುತ್ತಿದ್ದ ಅವ್ವ ಎದ್ದು ಬಂದಳು. ಗಂಡನಿಗೆ ಎಂದೂ ಎದುರಾಡದವಳು... ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಿತ್ತು.

"ಮಂದಿ ಅಂತೀರಿ. ಮಗ್ಗ ನಿಂತಾಗ ನಮ್ಮ ಒಲಿ ಹಚ್ಚಾಕ ಯಾವ ಮಂದಿ ಬಂದಿದ್ರು? ಆ ಗಂಡಿನವರಿಗೆ ಫೋನ್ ಹಚ್ಚರಿ. ಬರಬ್ಯಾಡ್ರಿ ಅನ್ರಿ."

ಗುರುಸಿದ್ಧಪ್ಪ ನಿಂತ ಮಗ್ಗದ ಕಡೆ ನೋಡಿದ... ಗಂಡಿನವರಿಗೆ ಫೋನ್ ಹಚ್ಚಿದ.

"ತಪ್ಪು ತಿಳೀಬ್ಯಾಡ್ರಿ," ಎಂದ. "ನಮ್ಮ ಹುಡುಗಿ ಇನ್ನಾ ಓದಾಕಿ ಅದಾಳ್ರಿ..."

ಊರಲ್ಲಿ ಏನೂ ಇಲ್ಲ ಎನ್ನುವ ಮಾತಿಗೆ ತಲೆಬಾಗಬೇಡಿ. ಊರಿಗೆ ಯಾರು ಬೇಕಾಗಿದ್ದಾರೆ ಎಂದು ಕೇಳಿ.

ನಿಮ್ಮ ಊರು ಇವತ್ತು ಯಾರ ಹಾದಿ ನೋಡುತ್ತಿದೆ... ಅದು ನಿಮ್ಮ ಮನೆಯ ಮಗಳೇ ಯಾಕಾಗಿರಬಾರದು?