ದೊಡ್ಡಪತ್ರೆಯ ಅಪ್ಪಣೆ

ಹಿತ್ತಲ ಗಿಡ ಮದ್ದಲ್ಲ, ಹೆಂಡತಿ ನೆಟ್ಟ ಗಿಡವಾದರೆ ಮುಟ್ಟುವಂತೆಯೂ ಇಲ್ಲ. ಗಾದೆಯನ್ನು ಕೆಡಿಸಿದ್ದು ನಾನೇ, ಕತೆ ಮಾತ್ರ ನಿಜ.

ಅತ್ತೆ ತೀರಿಕೊಂಡ ಮೇಲೆ ಸೋದರಮಾವನಿಗೆ ಕೆಮ್ಮು ಹಿಡಿಯಿತೆಂದು ನಾನೂ ಅಮ್ಮನೂ ನೋಡಿಕೊಳ್ಳಲು ಹೋದೆವು. ಅತ್ತೆ ಬೆಳೆಸಿದ ದೊಡ್ಡಪತ್ರೆ ಕುಂಡ ತುಂಬಿ ಹೊರಚೆಲ್ಲಿತ್ತು. ಮದ್ದಿನ ಎಲೆ ಕೀಳುವ ಮುಂಚೆ ಗಿಡದ ಅಪ್ಪಣೆ ಕೇಳುವುದು ನಮ್ಮಲ್ಲಿ ವಾಡಿಕೆ. ಮಾವ ಕೇಳುತ್ತಿದ್ದದ್ದು ಅತ್ತೆಯನ್ನು.

"ಏನೇ, ನಾಲ್ಕೆಲೆ ಕಿತ್ಕೊಳ್ಳಲೇನೇ?"

ದಿನಾ ಬೆಳಿಗ್ಗೆ ಹೀಗೆ ಕೇಳಿ, ಉತ್ತರಕ್ಕೆ ಕಾದು, ಕೆಮ್ಮುತ್ತ ಬರಿಗೈಯಲ್ಲಿ ಒಳಗೆ ಬರುತ್ತಿದ್ದ.

"ಹೀಗೇ ಆದ್ರೆ ಅಣ್ಣ ಉಳಿಯಲ್ಲ ಕಣೋ," ಎಂದು ಅಮ್ಮ ಕಣ್ಣೊರೆಸಿಕೊಂಡಳು.

ಕಾಲೇಜಿನಲ್ಲಿ ಮಿಮಿಕ್ರಿಗೆ ಕಪ್ ಗೆದ್ದವನು ನಾನು. ಮರುದಿನ ಅಮ್ಮನ ಜೊತೆ ಗೋಡೆಯ ಹಿಂದೆ ಅಡಗಿ, ಅತ್ತೆಯ ಆ ರಾಗದ ದನಿಯಲ್ಲೇ ಹೇಳಿದೆ:

"ಕಿತ್ಕೊಳ್ರೀ. ರಸಕ್ಕೆ ಜೇನು ಹಾಕ್ಕೊಂಡು ಕುಡೀರಿ. ಎಷ್ಟು ಸೊರಗಿದ್ದೀರಲ್ರೀ!"

ಮಾವ ಬೆಚ್ಚಿಬಿದ್ದ. ನಾವಿಬ್ಬರೂ ತಡೆಯಲಾರದೆ ಕಿಸಕ್ಕೆಂದೆವು. ಮಾವ ನಮಗಿಂತ ಜೋರಾಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

"ದನಿ ಥೇಟ್ ಅವಳದ್ದೇ ಕಣೋ. ಆದ್ರೆ ಅವಳು ಸಾಯೋ ಹೊತ್ತಿಗೆ, ನನ್ನ ಜೊತೆ ಮಾತು ಬಿಟ್ಟು ಹನ್ನೊಂದು ವರ್ಷ ಆಗಿತ್ತು."