ಹಿಂದಿನ ರೈಲು

ಲೆಕ್ಕಾಧಿಕಾರಿ ಮೊದಲು ಮಾಡಿದ ಕೆಲಸವೆಂದರೆ, ಕೊರಳಲ್ಲಿ ನೇತಾಡುತ್ತಿದ್ದ ನಗರಸಭೆಯ ಗುರುತಿನ ಚೀಟಿಯನ್ನು ಅಂಗಿಯೊಳಗೆ ತುರುಕಿಕೊಂಡದ್ದು. ನೆಲದಡಿಯ ಸ್ಟೇಷನ್ನಿಗೆ ಇಳಿಯುವ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿರಲಿಲ್ಲ. ಜನ ರೈಲನ್ನು ಬೈದು ಸುಸ್ತಾಗಿ ಈಗ ಅದನ್ನು ನಡೆಸುವ ನಗರಸಭೆಯನ್ನು ಹಿಡಿದುಕೊಂಡಿದ್ದರು. ಇವನು ಯಾರೆಂದು ಗೊತ್ತಾದರೆ ಮೈಮೇಲೆ ಅಂಗಿ ಉಳಿಯುತ್ತಿರಲಿಲ್ಲ.

ಅವನ ಮುಷ್ಟಿಯಲ್ಲಿ ಮಗಳ ಇನ್ಹೇಲರ್ ಇತ್ತು. ಪುಟ್ಟಿ ಉಬ್ಬಸದ ಮಗು. ಬೆಳಿಗ್ಗೆ ಅಜ್ಜಿಯ ಕೈ ಹಿಡಿದು ಸೋದರತ್ತೆಯ ಮನೆಗೆ ಹೊರಟವಳು ಇದನ್ನು ಚಪ್ಪಲಿ ಸ್ಟ್ಯಾಂಡಿನ ಮೇಲೆ ಮರೆತು ಹೋಗಿದ್ದಳು. ಅವನು ಆಫೀಸಿಗೆ ಹೊರಡುತ್ತಿದ್ದಾಗ ಅಮ್ಮನ ಫೋನ್ ಬಂತು. ರೈಲು ಸುರಂಗದೊಳಗೆ ನಿಂತುಬಿಟ್ಟಿದೆ, ಗಾಳಿಯಿಲ್ಲ, ಮಗುವಿನ ಎದೆ ಸೀಟಿ ಹೊಡೆಯುತ್ತಿದೆ, ಏನಾದರೂ ಮಾಡೋ ಎಂದಳು. ಅಷ್ಟರಲ್ಲಿ ಫೋನ್ ಸತ್ತಿತು.

ಮುಚ್ಚಿದ ಗೇಟಿನ ಹಿಂದೆ ನಿಂತಿದ್ದ ಕಾವಲುಗಾರನ ಗಂಟಲು ಕೂಗಿ ಕೂಗಿ ಕಟ್ಟಿಹೋಗಿತ್ತು. ಮುಂದಿನ ಸ್ಟೇಷನ್ನಿನಲ್ಲಿ ಒಂದು ರೈಲು ನಿಂತುಬಿಟ್ಟಿದೆಯಂತೆ. ಎರಡು ಪಾಳಿ ಒಟ್ಟಿಗೆ ಓಡಿಸಿದ ಅದರ ಡ್ರೈವರು ತಲೆ ಸುತ್ತಿ ಬಿದ್ದಿದ್ದಾನಂತೆ. ಅದು ಕದಲದ ಹೊರತು ಹಿಂದೆ ಸುರಂಗದಲ್ಲಿ ಸಿಕ್ಕಿಕೊಂಡಿರುವ ರೈಲು ಒಂದಿಂಚೂ ಮುಂದೆ ಬರುವಂತಿಲ್ಲ. ಮಂದಿಯನ್ನು ಇಳಿಸಿ ನಡೆಸಿಕೊಂಡು ಬರೋಣವೆಂದರೆ ಅದಕ್ಕೂ ಆಳುಗಳಿಲ್ಲ. ಮನೆಯಲ್ಲಿದ್ದ ಇನ್ನೊಬ್ಬ ಡ್ರೈವರಿಗೆ ಫೋನ್ ಹೋಗಿದೆ, ಬರಬೇಕಷ್ಟೆ.

"ಮೊದಲೆಲ್ಲ ಇಂಥ ಹೊತ್ತಿಗೇ ಅಂತ ಬದಲಿ ಡ್ರೈವರುಗಳು ಕೂತಿರ್ತಿದ್ರು," ಎಂದ ಕಾವಲುಗಾರ. "ದಂಡದ ಖರ್ಚು ಅಂತ ಕಿತ್ತುಹಾಕಿದ್ರಲ್ಲ, ಈಗ ಅನುಭವಿಸಿ."

ಕಿತ್ತುಹಾಕಿದವನು ಇವನೇ. ಕೂತು ಚಹಾ ಕುಡಿಯುವವರಿಗೆ ಸಂಬಳ ಯಾಕೆ ಸ್ವಾಮಿ ಎಂದು ಬಜೆಟ್ ಸಭೆಯಲ್ಲಿ ಕೇಳಿದ್ದ. ಸಭೆಗೆ ಸಭೆಯೇ ಮೇಜು ಕುಟ್ಟಿ ನಕ್ಕಿತ್ತು. ಮರುದಿನ ಪೇಪರಿನಲ್ಲಿ ಇವನ ಫೋಟೋ ದೊಡ್ಡದಾಗಿ ಬಂದಿತ್ತು, ಹೆಂಡತಿ ಅದನ್ನು ಕತ್ತರಿಸಿ ಜೋಪಾನವಾಗಿ ಎತ್ತಿಟ್ಟಿದ್ದಳು. ಈಗ ಅವನು ಕಾವಲುಗಾರನ ಕಣ್ಣು ತಪ್ಪಿಸಿ ಪಕ್ಕಕ್ಕೆ ಸರಿದ.

ಗೇಟಿನ ಹತ್ತಿರ ಒಬ್ಬ ಹೆಂಗಸು ನಿಂತಿದ್ದಳು. ಒದ್ದೆ ಕೂದಲನ್ನು ಗಂಟು ಹಾಕಿದ್ದಳು, ಕಾಲಲ್ಲಿ ಮನೆಯಲ್ಲಿ ಹಾಕುವ ಸವೆದ ಹವಾಯಿ ಚಪ್ಪಲಿ, ಕೈಯಲ್ಲಿ ಸೊಪ್ಪಿನ ಚೀಲ. ಅವಳು ಇವನ ಮುಖ ನೋಡಿದಳು, ಮತ್ತೊಮ್ಮೆ ನೋಡಿದಳು, ಆಮೇಲೆ ಮುಷ್ಟಿಯಲ್ಲಿದ್ದ ಇನ್ಹೇಲರ್ ನೋಡಿದಳು. ಯಾರಿಗೆ ಎಂದು ಕೇಳಿದಳು. ಇವನು ಹೇಳಿದ.

"ಇಲ್ಲಿ ನಿಂತರೆ ಆಗೋದಲ್ಲ. ಬನ್ನಿ ಸಾರ್, ರಸ್ತೆ ಮೇಲೇ ಹೋಗೋಣ. ನಾನೂ ಮುಂದಿನ ಸ್ಟೇಷನ್ನಿಗೇ ಹೋಗಬೇಕು."

ರಸ್ತೆಯಲ್ಲಿ ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ನೆಲದಡಿಯ ಜನವೆಲ್ಲ ಮೇಲೆ ಬಂದಮೇಲೆ ಆಟೋ ಎಲ್ಲಿ ಸಿಗಬೇಕು! ಇಬ್ಬರೂ ಸಂದಿಗೊಂದಿಯಲ್ಲಿ ನುಗ್ಗಿ ಓಡಿದರು. ಇವತ್ತು ತನಗೆ ರಜೆ, ಸೊಪ್ಪು ಕೊಂಡು ಮನೆಗೆ ಬಂದದ್ದೇ ಕೆಲಸಕ್ಕೆ ಕರೆದರು, ಚೀಲದ ಸಮೇತ ಓಡಿಬಂದೆ ಎಂದಳು. ಯಾವುದೋ ಮನೆಗೆಲಸದವಳು, ಪಾಪ, ಎಂದುಕೊಂಡ. ಚೀಲ ಕೊಡಿ ಎಂದರೆ ಮೊದಲು ಒಲ್ಲೆ ಎಂದಳು. ಬಲವಂತವಾಗಿ ಇಸಕೊಂಡ. ಸೊಪ್ಪಿನ ಚೀಲವಾದರೂ ಭಾರವಿತ್ತು, ಒಳಗೆ ಗಟ್ಟಿಯಾದದ್ದೇನೋ ಮೊಣಕಾಲಿಗೆ ಬಡಿಯುತ್ತಿತ್ತು.

ಅವಳ ಫೋನ್ ಹೊಡೆದುಕೊಂಡಿತು. ಆ ಕಡೆಯವನು ಕಿರುಚುತ್ತಿದ್ದದ್ದು ಇವನಿಗೂ ಕೇಳಿಸಿತು. "ಬರ್ತಾ ಇದೀನಿ ಸಾರ್, ಓಡ್ಕೊಂಡೇ ಬರ್ತಾ ಇದೀನಿ," ಎಂದು ಇಟ್ಟಳು. ಎಂಥ ಯಜಮಾನರಪ್ಪ, ರಜೆ ದಿನವೂ ಬಿಡುವುದಿಲ್ಲವಲ್ಲ ಎಂದು ಇವನಿಗೆ ಸಿಟ್ಟು ಬಂತು. ಆ ಸಿಟ್ಟು ಹೋಗಿ ಇನ್ನೂ ಬಾರದ ಡ್ರೈವರನ ಮೇಲೆ ಕೂತಿತು. ಯಾರನ್ನಾದರೂ ಬೈಯದಿದ್ದರೆ ಅತ್ತುಬಿಡುವಂತಿದ್ದ.

"ಫೋನ್ ಮಾಡಿ ಎಷ್ಟು ಹೊತ್ತಾಯ್ತು, ಎಲ್ಲಿ ಬಿದ್ದಿದಾನೋ ಆ ಪುಣ್ಯಾತ್ಮ! ನನ್ನ ಮಗಳಿಗೆ ಏನಾದರೂ ಆಗಲಿ, ಅವನ ಕತ್ತು ಹಿಸುಕಿಬಿಡ್ತೀನಿ."

"ಮೊದಲು ಮಗು ಹೊರಗೆ ಬರಲಿ ಸಾರ್. ಆಮೇಲೆ ಹಿಸುಕುವಿರಂತೆ."

ಅವಳ ಚಪ್ಪಲಿಯ ಬಾರು ಕಿತ್ತುಹೋಯಿತು. ಎರಡನ್ನೂ ಅಲ್ಲೇ ಬಿಟ್ಟು ಬರಿಗಾಲಲ್ಲಿ ಓಡಿದಳು. ಇವನ ಕೈಲಿ ಆಗಲಿಲ್ಲ. ಯಾವುದೋ ಅಂಗಡಿಯ ಜಗಲಿಯ ಮೇಲೆ ಕುಸಿದು ಕೂತ. ಸುರಂಗದ ಕತ್ತಲು, ಬಾಯಿ ತೆರೆದು ಉಸಿರಿಗೆ ಒದ್ದಾಡುವ ಪುಟ್ಟಿ, ಇದೇ ಕಣ್ಣ ಮುಂದೆ.

"ಇದೆಲ್ಲ ನನ್ನಿಂದಲೇ ಕಣಮ್ಮಾ. ನಾನು ಯಾರು ಅಂತ ಗೊತ್ತಾದರೆ ನೀನು..."

"ಅದೆಲ್ಲ ಈಗ ಬೇಡ. ಏಳಿ." ರಟ್ಟೆ ಹಿಡಿದು ಎಬ್ಬಿಸಿದಳು.

ಆ ಸ್ಟೇಷನ್ನಿನ ಬಾಗಿಲಲ್ಲಿ ಇನ್ನೂ ದೊಡ್ಡ ಗುಂಪಿತ್ತು. ಕಾವಲಿನವರು ಕೋಲು ಅಡ್ಡ ಹಿಡಿದಿದ್ದರು. ಹೆಂಗಸು ಒಬ್ಬನ ಕಿವಿಯಲ್ಲಿ ಏನೋ ಹೇಳಿದಳು, ಕೋಲು ಸರಿಯಿತು. ತನ್ನ ಮಗುವಿನ ವಿಷಯ ಹೇಳಿರಬೇಕು ಎಂದುಕೊಂಡು ಇವನು ಮನಸ್ಸಿನಲ್ಲೇ ಅವಳಿಗೆ ಕೈ ಮುಗಿದ.

ಕೆಳಗೆ ಪ್ಲಾಟ್‌ಫಾರ್ಮಿಗೆ ಒತ್ತಿಕೊಂಡು ರೈಲು ನಿಂತಿತ್ತು, ದೀಪ ಉರಿಯುತ್ತಿತ್ತು, ಬಾಗಿಲುಗಳು ತೆರೆದಿದ್ದವು. ಅದರ ಬಾಲದ ಆಚೆ ಸುರಂಗ ಕಪ್ಪಗೆ ಬಾಯಿ ತೆರೆದಿತ್ತು. ಆ ಕಪ್ಪಿನೊಳಗೆಲ್ಲೋ ಪುಟ್ಟಿ ಇದ್ದಳು. ಇವನು ಓಡಿಹೋಗಿ ಸ್ಟೇಷನ್ ಮಾಸ್ತರರ ತೋಳು ಹಿಡಿದು ಅಲುಗಾಡಿಸಿದ.

"ಎಲ್ಲಿ ರೀ ನಿಮ್ಮ ಡ್ರೈವರು?"

ಮಾಸ್ತರರು ಇವನ ಹೆಗಲ ಆಚೆ ನೋಡಿ, ಸದ್ಯ, ಬಂದೆಯಲ್ಲಮ್ಮ, ಎಂದು ನಿಟ್ಟುಸಿರು ಬಿಟ್ಟರು.

ಹೆಂಗಸು ಇವನ ಕೈಯಿಂದ ಚೀಲ ಇಸಕೊಂಡಳು. ಸೊಪ್ಪು ಸರಿಸಿ, ತಳದಿಂದ ದಪ್ಪ ಕಬ್ಬಿಣದ ಕೀಲಿಗೊಂಚಲು ತೆಗೆದು, ರೈಲಿನ ಮೂತಿಯ ಪಕ್ಕದ ಚಿಕ್ಕ ಬಾಗಿಲು ತೆರೆದು ಬರಿಗಾಲಲ್ಲೇ ಹತ್ತಿದಳು. ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಇಲ್ಲೇ ಇರಿ ಸಾರ್, ಹಿಂದಿನ ರೈಲು ಇದೇ ಪ್ಲಾಟ್‌ಫಾರ್ಮಿಗೆ ಬರುತ್ತೆ. ಇನ್ನು ನೀವು ಯಾರು ಅನ್ನೋದು ಗೇಟಿನ ಹತ್ತಿರವೇ ಗೊತ್ತಾಯ್ತು, ನಿಮ್ಮ ಫೋಟೋನ ನಮ್ಮ ಡ್ರೈವರುಗಳ ಕೋಣೆ ಗೋಡೆಗೆ ಅಂಟಿಸಿದೀವಿ."